ಮೂಳೆ ಕಂಡವರಿಗೆ ರೇಖೆ ಒಲಿಯುತ್ತದೆ

ಕಲಾಶಾಲೆಗಳಲ್ಲಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಒಂದು ತರಗತಿ ಇದೆ. ಅದರ ಹೆಸರು ಲೈಫ್ ಸ್ಟಡಿ. ಕೋಣೆಯ ನಡುವೆ ಮರದ ಕಟ್ಟೆ, ಅದರ ಮೇಲೊಂದು ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ. ಕಲಾಶಾಲೆಯವರು ‘ಡಾಂಕಿ’ ಎಂದು ಕರೆಯುವ ಮರದ ಬೆಂಚುಗಳ ಮೇಲೆ ವಿದ್ಯಾರ್ಥಿಗಳು ಸುತ್ತಲೂ ಕೂತಿರುತ್ತಾರೆ. ಎಲ್ಲರ ಮುಂದೆಯೂ ಡ್ರಾಯಿಂಗ್ ಬೋರ್ಡ್, ಕೈಯಲ್ಲಿ ಚಾರ್‌ಕೋಲ್. ಮಾತಿಲ್ಲ, ಕಾಗದದ ಮೇಲೆ ಇದ್ದಿಲು ಉಜ್ಜುವ ಸದ್ದಷ್ಟೇ. ಇಲ್ಲಿ ಕಲಿತದ್ದು ಆಮೇಲೆ ಭಿತ್ತಿಚಿತ್ರ ಬರೆಯುವವರಿಗೂ, ಕಲ್ಲು ಕೆತ್ತುವವರಿಗೂ, ಪತ್ರಿಕೆಗೆ ಕಾರ್ಟೂನು ಹಾಕುವವರಿಗೂ ಬೇಕಾಗುತ್ತದೆ. ನಾನೂ ಇಂಥದೇ ಒಂದು ಕೋಣೆಯಲ್ಲಿ ಕಲಿತವನು. ಮನುಷ್ಯರನ್ನು ಸರಿಯಾಗಿ ನೋಡುವುದನ್ನು ನನಗೆ ಕಲಿಸಿದ್ದು ಆ ತರಗತಿಯೇ.

ಕಣ್ಣಿಗೆ ಮೊದಲ ಪಾಠ

ಸೇರಿದ ಕೂಡಲೇ ಜೀವಂತ ಮಾಡೆಲ್ ಎದುರು ಕೂರಿಸುವುದಿಲ್ಲ. ಮೊದಲು ಪ್ಲಾಸ್ಟರ್ ಮೂರ್ತಿಗಳನ್ನು ನೋಡಿ ಬರೆಯುವ ‘ಆಂಟಿಕ್ ಸ್ಟಡಿ’, ಬಳಿಕ ತಲೆ ಮಾತ್ರ ಬರೆಯುವ ‘ಹೆಡ್ ಸ್ಟಡಿ’, ಅದಾದ ಮೇಲೆ ಇಡೀ ದೇಹದ ‘ಫುಲ್ ಫಿಗರ್’. ಪ್ಲಾಸ್ಟರ್ ಮೂರ್ತಿ ಅಲುಗುವುದಿಲ್ಲ, ದಣಿಯುವುದಿಲ್ಲ. ಅದರ ಮೇಲೆ ಬಿದ್ದ ಬೆಳಕು ನೆರಳನ್ನು ಎಷ್ಟು ಹೊತ್ತು ಬೇಕಾದರೂ ನೋಡಬಹುದು. ‘ಕಣ್ಣು ಕಿರಿದು ಮಾಡಿ ನೋಡು’ ಎಂದು ಮೇಷ್ಟರು ಹೇಳುತ್ತಾರೆ. ಕಣ್ಣು ಅರ್ಧ ಮುಚ್ಚಿದರೆ ಸಣ್ಣಪುಟ್ಟ ವಿವರಗಳು ಮಾಯವಾಗಿ, ದೊಡ್ಡ ನೆರಳು ಯಾವುದು, ದೊಡ್ಡ ಬೆಳಕು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಹೊಸಬರ ಚಿತ್ರಗಳಲ್ಲಿ ಒಂದೇ ಬಗೆಯ ದೋಷಗಳು ಕಾಣುತ್ತವೆ. ಮುಖ ದೊಡ್ಡದು, ಕೈ ಪಾದ ಸಣ್ಣವು, ಕಣ್ಣು ಹಣೆಯ ಹತ್ತಿರ. ನಿಜವಾಗಿ ನೆತ್ತಿಯಿಂದ ಗದ್ದದವರೆಗೆ ಅಳೆದರೆ ಕಣ್ಣು ಇರುವುದು ಸರಿಸುಮಾರು ನಟ್ಟನಡುವೆ. ಗದ್ದದಿಂದ ಕೂದಲಂಚಿನವರೆಗಿನ ಮುಖದ ಉದ್ದ ಹೆಚ್ಚುಕಡಿಮೆ ಅಂಗೈ ಬೆರಳು ಸೇರಿದ ಕೈಯಷ್ಟು. ನಮ್ಮ ಮನಸ್ಸು ಮುಖಕ್ಕೆ ಹೆಚ್ಚು ಬೆಲೆ ಕೊಡುವುದರಿಂದ ಕೈ ಅದನ್ನೇ ದೊಡ್ಡದಾಗಿ ಬರೆಯುತ್ತದೆ.

ಇದನ್ನು ತಿದ್ದುವುದಕ್ಕೆ ಇರುವ ಉಪಕರಣ ಒಂದು ಪೆನ್ಸಿಲ್ ಮಾತ್ರ. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ಮೇಲೆ ಹೆಬ್ಬೆರಳು ಇಟ್ಟು ಮಾಡೆಲ್‌ನ ತಲೆಯನ್ನು ಅಳೆಯಬೇಕು. ಅದೇ ಅಳತೆಯಲ್ಲಿ ದೇಹ ಎಷ್ಟು ತಲೆಯುದ್ದ ಎಂದು ಎಣಿಸಬೇಕು. ವಯಸ್ಕರು ಸಾಮಾನ್ಯವಾಗಿ ಏಳರಿಂದ ಏಳೂವರೆ ತಲೆಯುದ್ದ ಇರುತ್ತಾರೆ. ವರ್ಷ ತುಂಬಿದ ಮಗು ನಾಲ್ಕು ತಲೆಯುದ್ದಕ್ಕೆ ಹತ್ತಿರ. ಮಗುವಿನ ಚಿತ್ರ ಬರೆಯಹೋಗಿ ಹಲವರು ಕುಳ್ಳ ಗಂಡಸನ್ನು ಬರೆದುಬಿಡುವುದು ಈ ಲೆಕ್ಕ ತಪ್ಪುವುದರಿಂದ. ನಿಂತ ವಯಸ್ಕ ದೇಹದ ಮಧ್ಯಬಿಂದು ಹೊಕ್ಕುಳಲ್ಲ. ಅದು ಇನ್ನೂ ಕೆಳಗೆ, ತೊಡೆಗಳು ಕೂಡುವಲ್ಲಿ ಇರುತ್ತದೆ.

ಅಳತೆ ಕೈಗೆ ಹತ್ತಿದ ಮೇಲೆ ಕ್ವಿಕ್ ಸ್ಕೆಚ್ ಶುರು. ಒಂದು ನಿಮಿಷ, ಎರಡು ನಿಮಿಷ, ಐದು ನಿಮಿಷ, ಅಷ್ಟರಲ್ಲಿ ಪೋಸ್ ಬದಲು. ಮೂಗು ಕಣ್ಣು ಬರೆಯುವುದಕ್ಕೆ ಪುರುಸೊತ್ತಿಲ್ಲ. ದೇಹದ ಭಾರ ಯಾವ ಕಾಲಿನ ಮೇಲಿದೆ, ಬೆನ್ನು ಎತ್ತ ಬಾಗಿದೆ ಎಂಬುದನ್ನಷ್ಟೇ ನಾಲ್ಕಾರು ಗೀಟಿನಲ್ಲಿ ಹಿಡಿಯಬೇಕು. ದೀರ್ಘ ಪೋಸ್‌ನ ಕ್ರಮ ಬೇರೆ. ಮಾಡೆಲ್ ಪಾದದ ಸುತ್ತ ಸೀಮೆಸುಣ್ಣದಿಂದ ಗುರುತು ಹಾಕಿರುತ್ತಾರೆ. ಆಗಾಗ ವಿರಾಮ. ವಿರಾಮ ಮುಗಿದ ಮೇಲೆ ಅದೇ ಗುರುತಿನ ಮೇಲೆ ಬಂದು ನಿಲ್ಲಬೇಕು. ಕೆಲವೊಮ್ಮೆ ಒಂದೇ ಪೋಸ್ ಹಲವು ದಿನ ನಡೆಯುವುದುಂಟು.

ಚರ್ಮದ ಒಳಗೆ

ಇಷ್ಟೆಲ್ಲ ಅಭ್ಯಾಸವಾದರೂ ಒಂದು ಹಂತದಲ್ಲಿ ಚಿತ್ರ ನಿಂತುಬಿಡುತ್ತದೆ. ಹೊರಗೆರೆ ಸರಿಯಾಗಿದೆ, ನೆರಳೂ ಇದೆ, ಆದರೂ ಆಕೃತಿ ಹತ್ತಿ ತುಂಬಿದ ಗೊಂಬೆಯಂತೆ ಕಾಣುತ್ತದೆ. ಆಗ ಬೇಕಾಗುವುದು ಅಂಗರಚನಾಶಾಸ್ತ್ರ, ವಿದ್ಯಾರ್ಥಿಗಳ ಮಾತಿನಲ್ಲಿ ‘ಅನಾಟಮಿ’. ವಯಸ್ಕರ ದೇಹದಲ್ಲಿ 206 ಮೂಳೆಗಳಿವೆ. ಅವುಗಳಲ್ಲಿ ಒಂದೊಂದು ಕೈಗೆ 27, ಒಂದೊಂದು ಪಾದಕ್ಕೆ 26. ಎಲ್ಲದರ ಹೆಸರನ್ನೂ ಕಲಾವಿದ ಬಾಯಿಪಾಠ ಮಾಡಬೇಕಿಲ್ಲ. ಚರ್ಮದ ಕೆಳಗೆ ನೇರವಾಗಿ ಕಾಣುವ ಮೂಳೆಯ ಗುರುತುಗಳನ್ನು ಅರಿತಿದ್ದರೆ ಸಾಕು: ಕಾಲರ್‌ಬೋನ್, ಎರಡು ಕಾಲರ್‌ಬೋನ್‌ಗಳ ನಡುವಿನ ಗಂಟಲ ಗುಳಿ, ಭುಜದ ತುದಿ, ಸೊಂಟದ ಮುಂಭಾಗದ ಎರಡು ಮೂಳೆ ತುದಿಗಳು, ಮಂಡಿಚಿಪ್ಪು, ಮಣಿಕಟ್ಟಿನ ಗೆಣ್ಣು, ಪಾದದ ಗೆಣ್ಣುಗಳು. ದಪ್ಪಗಿರಲಿ ಸಣ್ಣಗಿರಲಿ, ಈ ಗುರುತುಗಳು ಎಲ್ಲ ದೇಹಗಳಲ್ಲೂ ಇವೆ. ಚಿತ್ರ ಕಟ್ಟುವುದು ಇವುಗಳ ಆಧಾರದಿಂದಲೇ.

ನಿಮ್ಮ ಪಾದವನ್ನೇ ಮುಟ್ಟಿ ನೋಡಿ. ಒಳಗಿನ ಗೆಣ್ಣು ಹೊರಗಿನದಕ್ಕಿಂತ ತುಸು ಮೇಲಿದೆ. ಚಿತ್ರದಲ್ಲಿ ಎರಡನ್ನೂ ಒಂದೇ ಮಟ್ಟದಲ್ಲಿಟ್ಟರೆ ಕಾಲು ಕಾಲಾಗಿ ಕಾಣುವುದಿಲ್ಲ. ಅಂಗೈಯನ್ನು ಮೇಲ್ಮುಖ ಮಾಡಿ ಹಿಡಿಯಿರಿ. ಮುಂಗೈಯ ಎರಡು ಮೂಳೆಗಳು ಆಗ ಒಂದರ ಪಕ್ಕ ಒಂದು ಇರುತ್ತವೆ. ಅಂಗೈಯನ್ನು ಕೆಳಮುಖ ಮಾಡಿದೊಡನೆ ಹೆಬ್ಬೆರಳ ಕಡೆಯ ಮೂಳೆ ಇನ್ನೊಂದರ ಮೇಲೆ ಅಡ್ಡ ಹಾಯುತ್ತದೆ, ಮುಂಗೈಯ ಇಡೀ ಆಕಾರವೇ ಬದಲಾಗುತ್ತದೆ. ಕೈಯೆತ್ತಿದಾಗ ತೋಳಿನ ಜೊತೆಗೆ ಬೆನ್ನ ಮೇಲಿನ ಹೆಗಲೆಲುಬೂ ತಿರುಗಿ ಪಕ್ಕಕ್ಕೆ ಸರಿಯುತ್ತದೆ. ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತಾಗ ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ನಡುವಿನ ಬೆನ್ನುಮೂಳೆ ಬಳುಕುತ್ತದೆ. ನಮ್ಮ ದೇವಾಲಯಗಳ ತ್ರಿಭಂಗಿಯ ಮೂರ್ತಿಗಳಲ್ಲಿ ನಾವು ಮೆಚ್ಚುವ ಸೊಬಗಿನ ಹಿಂದೆ ಭಾರ ಹೊರುವ ಈ ಸರಳ ಲೆಕ್ಕವಿದೆ.

ಮೂಳೆಗಳನ್ನು ಅರಿತ ಮೇಲೆ ಮಾಡೆಲ್ ಎದುರು ಕೂತರೆ ಅದೇ ದೇಹ ಬೇರೆಯಾಗಿ ಕಾಣುತ್ತದೆ. ಕುತ್ತಿಗೆಯ ನೆರಳು ಬರಿಯ ಕಪ್ಪು ಮಚ್ಚೆಯಾಗಿ ಉಳಿಯುವುದಿಲ್ಲ. ಕಿವಿಯ ಹಿಂದಿನಿಂದ ಗಂಟಲ ಗುಳಿಗೆ ಇಳಿಯುವ ಸ್ನಾಯುವೇ ಆ ನೆರಳು ಎಂದು ಗೊತ್ತಿರುತ್ತದೆ. ಕಾರಣ ಗೊತ್ತಾದ ಮೇಲೆ ರೇಖೆ ಅನುಮಾನಿಸುವುದಿಲ್ಲ.

ಸುಶ್ರುತನಿಂದ ಮುಂಬಯಿವರೆಗೆ

ದೇಹವನ್ನು ಬಿಡಿಸಿ ನೋಡಿ ಕಲಿಯುವ ಪದ್ಧತಿ ನಮ್ಮಲ್ಲಿ ಹಳೆಯದು. ಶವವನ್ನು ಹುಲ್ಲು ನಾರುಗಳಲ್ಲಿ ಸುತ್ತಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ, ಆಮೇಲೆ ಕುಂಚದಂಥ ಸಾಧನದಿಂದ ಮೆಲ್ಲಗೆ ಉಜ್ಜುತ್ತ ಪದರ ಪದರವಾಗಿ ನೋಡಬೇಕೆಂದು ಸುಶ್ರುತ ಸಂಹಿತೆ ವೈದ್ಯ ವಿದ್ಯಾರ್ಥಿಗೆ ಹೇಳುತ್ತದೆ. ಇಟಲಿಯಲ್ಲಿ ಲಿಯೊನಾರ್ಡೊ ಡಾ ವಿಂಚಿ ಹಲವು ಶವಗಳನ್ನು ಸ್ವತಃ ಛೇದಿಸಿ ನೋಡಿ ಚಿತ್ರ ಬರೆದಿಟ್ಟ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಅಂಗರಚನಾಶಾಸ್ತ್ರಜ್ಞ ವೆಸಾಲಿಯಸ್‌ನ ಮಹಾಗ್ರಂಥದಲ್ಲಿ ಚರ್ಮ ತೆಗೆದ ಮನುಷ್ಯಾಕೃತಿಗಳು ಬಯಲಿನಲ್ಲಿ ನಿಂತು ತಮ್ಮ ಸ್ನಾಯುಗಳನ್ನು ತೋರಿಸುತ್ತವೆ. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಆರಂಭವಾದಾಗ ಕಲಾವಿದರಿಗೆ ಅನಾಟಮಿ ಹೇಳಿಕೊಡಲು ನೇಮಕಗೊಂಡವರು ಆ ಕಾಲದ ಹೆಸರಾಂತ ವೈದ್ಯ ವಿಲಿಯಂ ಹಂಟರ್.

ಇದೇ ಸರಣಿಯ ಒಂದು ಕೊಂಡಿ ನಮ್ಮ ನೆರೆಯ ಮುಂಬಯಿಯಲ್ಲಿದೆ. ವೈದ್ಯ ವಿದ್ಯಾರ್ಥಿಗಳೆಲ್ಲ ಬಲ್ಲ ‘ಗ್ರೇಸ್ ಅನಾಟಮಿ’ 1858ರಲ್ಲಿ ಪ್ರಕಟವಾಯಿತು. ಬರೆದವರು ಹೆನ್ರಿ ಗ್ರೇ. ಅದರ 363 ಚಿತ್ರಗಳನ್ನು ಬರೆದವರು ಹೆನ್ರಿ ವ್ಯಾಂಡೈಕ್ ಕಾರ್ಟರ್. ಪುಸ್ತಕ ಹೊರಬಂದ ವರ್ಷವೇ ಕಾರ್ಟರ್ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿದರು. ಅದರ ಹಿಂದಿನ ವರ್ಷ, 1857ರಲ್ಲಿ, ಅದೇ ನಗರದಲ್ಲಿ ಜಂಷೆಟ್‌ಜಿ ಜೀಜಿಭಾಯ್ ಅವರ ದಾನದಿಂದ ಜೆ.ಜೆ. ಕಲಾಶಾಲೆ ಆರಂಭವಾಗಿತ್ತು. 1919ರ ಸುಮಾರಿಗೆ ಗ್ಲ್ಯಾಡ್‌ಸ್ಟನ್ ಸಾಲೊಮನ್ ಅದರ ಚುಕ್ಕಾಣಿ ಹಿಡಿದ ಮೇಲೆ ಅಲ್ಲಿ ಜೀವಂತ ನಗ್ನ ಮಾಡೆಲ್ ಇಟ್ಟು ಕಲಿಸುವ ಲೈಫ್ ಕ್ಲಾಸ್ ನೆಲೆಯೂರಿತು.

ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕಲಾವಿದ ಕೆ.ಕೆ. ಹೆಬ್ಬಾರರು ಕಲಿತದ್ದು ಈ ಜೆ.ಜೆ. ಶಾಲೆಯಲ್ಲೇ. ಮುಂದೆ ಪ್ಯಾರಿಸ್ಸಿನಲ್ಲೂ ಅಭ್ಯಾಸ ಮಾಡಿದರು. ಲಯವನ್ನು ಮೈಯಲ್ಲೇ ಅರಿಯಬೇಕೆಂದು ಕಥಕ್ ನೃತ್ಯವನ್ನೂ ಕಲಿತರು. ಒಂದೆರಡು ಎಳೆಯಲ್ಲೇ ನರ್ತಕಿಯ ಇಡೀ ಚಲನೆಯನ್ನು ಹಿಡಿಯುವ ಅವರ ರೇಖಾಚಿತ್ರಗಳಲ್ಲಿ ಸ್ನಾಯುವಿನ ವಿವರ ಒಂದೂ ಕಾಣುವುದಿಲ್ಲ. ಆದರೆ ದೇಹದ ಭಾರ ಬೀಳಬೇಕಾದ ಕಡೆಯೇ ಬಿದ್ದಿರುತ್ತದೆ. ಕಲಿತದ್ದೆಲ್ಲ ರೇಖೆಯ ಒಳಗೆ ಕರಗಿದರೆ ಚಿತ್ರ ಹೀಗೆ ಮೂಡುತ್ತದೆ.

ತಾಳಮಾನದ ದಾರಿ

ನಮ್ಮ ಶಿಲ್ಪಿಗಳ ದಾರಿ ಬೇರೆಯಾಗಿತ್ತು. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಪುರುಷರನ್ನು ಹಂಸ, ಭದ್ರ, ಮಾಲವ್ಯ, ರುಚಕ, ಶಶಕ ಎಂದು ಐದು ಬಗೆಯಾಗಿ ವಿಂಗಡಿಸಿ, ಹಂಸನಿಗೆ 108 ಅಂಗುಲ, ಶಶಕನಿಗೆ 90 ಅಂಗುಲ ಎಂದು ಎತ್ತರ ಹೇಳುತ್ತದೆ. ಅಂಗಾಂಗಗಳಿಗೆ ಹೀಗೆ ಅಳತೆ ಗೊತ್ತುಮಾಡುವ ತಾಳಮಾನ ಕಲಿತ ಶಿಲ್ಪಿ ಎದುರು ಯಾರನ್ನೂ ನಿಲ್ಲಿಸಿಕೊಳ್ಳದೆ ಕಲ್ಲಿನಲ್ಲಿ ದೇಹ ಬಿಡಿಸಬಲ್ಲ. ಬೇಲೂರಿನ ಮದನಿಕೆಯರ ಮೈಯಲ್ಲಿ ಮೂಳೆ ಸ್ನಾಯುಗಳ ಉಬ್ಬುತಗ್ಗು ಎದ್ದು ಕಾಣುವುದಿಲ್ಲ. ಮೈ ಒಳಗಿನ ಉಸಿರಿನಿಂದ ತುಂಬಿದಂತಿದೆ. ಶ್ರವಣಬೆಳಗೊಳದ ಗೊಮ್ಮಟ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ದಿಗಂಬರನಾಗಿ ನಿಂತಿದ್ದಾನೆ, ಊರೂರಿನ ಸಂಸಾರಗಳು ಮಕ್ಕಳನ್ನು ಎತ್ತಿಕೊಂಡು ಬೆಟ್ಟ ಹತ್ತಿ ಕೈಮುಗಿಯುತ್ತವೆ. ಮನುಷ್ಯದೇಹವನ್ನು ಗೌರವದಿಂದ ನೋಡುವುದು ಈ ನೆಲಕ್ಕೆ ಹೊಸದಲ್ಲ.

ಈ ಎರಡು ದಾರಿಗಳಲ್ಲಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡಬೇಕಿಲ್ಲ. ತಾಳಮಾನ ಆದರ್ಶ ದೇಹದ ಲೆಕ್ಕ ಕೊಡುತ್ತದೆ. ಲೈಫ್ ಸ್ಟಡಿ ಎದುರಿಗಿರುವ ಈ ಒಬ್ಬರ ದೇಹವನ್ನು, ದುಡಿದು ಬಾಗಿದ ಬೆನ್ನನ್ನು, ಒಂದೇ ಕಡೆ ಹೊರೆ ಹೊತ್ತು ವಾಲಿದ ಭುಜವನ್ನು ತೋರಿಸುತ್ತದೆ. ಕಲಿಯುವವರಿಗೆ ಎರಡೂ ಬೇಕು.

ಕಟ್ಟೆಯ ಮೇಲೆ ಕೂತವರು

ಈ ವಿದ್ಯೆಯಲ್ಲಿ ಅತಿ ಕಡಿಮೆ ಮನ್ನಣೆ ಸಿಗುವುದು ಮಾಡೆಲ್‌ಗಳಿಗೆ. ನಾನು ಕಲಿತ ಕಡೆ ಬಟ್ಟೆ ತೊಟ್ಟೇ ಕೂರುತ್ತಿದ್ದರು. ಕೂಲಿಯಿಂದ ನಿವೃತ್ತರಾದ ಅಜ್ಜಂದಿರು, ಹೂ ಮಾರುವ ಅಮ್ಮಂದಿರು ಬರುತ್ತಿದ್ದರು. ಇಪ್ಪತ್ತು ನಿಮಿಷ ಅಲುಗದೆ ಕೂರುವುದು ಎಷ್ಟು ಕಷ್ಟವೆಂದು ತಿಳಿಯಬೇಕಾದರೆ ಮನೆಯಲ್ಲೇ ಒಮ್ಮೆ ಕೂತು ನೋಡಬೇಕು. ಕಾಲು ಜುಮ್ಮೆನ್ನುತ್ತದೆ, ಕುತ್ತಿಗೆ ಸೆಟೆಯುತ್ತದೆ, ಬೆವರು ಒರೆಸಿಕೊಳ್ಳುವ ಹಾಗಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರೆಲ್ಲ ದೀಪ ಹಿಡಿದ ಹೆಣ್ಣುಮಗಳ ಜಲವರ್ಣ ಚಿತ್ರದ ಮುಂದೆ ನಿಂತಿರುತ್ತಾರೆ. ಎಸ್.ಎಲ್. ಹಳದನಕರರ ಆ ಚಿತ್ರಕ್ಕೆ ದೀಪ ಹಿಡಿದು ಗಂಟೆಗಟ್ಟಲೆ ನಿಂತವರು ಅವರ ಮಗಳು ಗೀತಾ. ನೂರು ದಾಟಿ ಬದುಕಿದ ಅವರು 2018ರಲ್ಲಿ ತೀರಿಕೊಂಡರು. ಬೆರಳ ಸಂದಿಯಿಂದ ಸೋರುವ ಆ ಕೆಂಪು ಬೆಳಕಿನಲ್ಲಿ ಅವರ ತಾಳ್ಮೆಯ ಪಾಲೂ ಇದೆ.

ನಗ್ನ ಮಾಡೆಲ್‌ಗಳ ಪಾಡು ಇನ್ನೂ ಕಠಿಣ. ಅಂಥ ಹೆಣ್ಣುಮಗಳ ಬದುಕು ಕುರಿತು ರವಿ ಜಾಧವ್ ಮಾಡಿದ ‘ನ್ಯೂಡ್’ ಎಂಬ ಮರಾಠಿ ಚಿತ್ರವನ್ನು 2017ರಲ್ಲಿ ಗೋವಾ ಚಿತ್ರೋತ್ಸವದ ಪಟ್ಟಿಯಿಂದ ಕೈಬಿಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಮನೆಯವರಿಗೆ ಹೇಳಿಕೊಳ್ಳಲಾಗದೆ, ಹೇಳದೆ ಇರಲೂ ಆಗದೆ ದುಡಿಯುವವರು ಇವರು. ಕಲಿಯುವ ಹೆಣ್ಣುಮಕ್ಕಳಿಗೂ ಈ ತರಗತಿಯ ಬಾಗಿಲು ಬಹುಕಾಲ ಮುಚ್ಚಿತ್ತು. ರಾಯಲ್ ಅಕಾಡೆಮಿಯಂಥ ಸಂಸ್ಥೆ ಕೂಡ ಮಹಿಳೆಯರನ್ನು ಲೈಫ್ ಕ್ಲಾಸಿಗೆ ಬಿಟ್ಟುಕೊಂಡದ್ದು 1893ರಲ್ಲಿ, ಅದೂ ಮಾಡೆಲ್‌ಗೆ ಭಾಗಶಃ ಬಟ್ಟೆ ಹೊದಿಸಿ. ಒಳ್ಳೆಯ ತರಗತಿಗಳಲ್ಲಿ ಕಟ್ಟುನಿಟ್ಟಾದ ನಿಯಮಗಳಿವೆ: ಫೋಟೊ ತೆಗೆಯುವಂತಿಲ್ಲ, ಮಾಡೆಲ್ ಅನ್ನು ಮುಟ್ಟುವಂತಿಲ್ಲ, ಹೊರಗಿನವರು ಒಳಗೆ ಬರುವಂತಿಲ್ಲ. ಒಂದು ಸಲ ಆ ಕೋಣೆಯಲ್ಲಿ ಕೂತು ಬರೆದವರಿಗೆ ಗೊತ್ತು, ಅಲ್ಲಿ ಮನಸ್ಸಿಗೆ ಬೇರೆ ಯೋಚನೆಗೆ ಬಿಡುವೇ ಇರುವುದಿಲ್ಲ. ಅಳತೆ, ಭಾರ, ಬೆಳಕು, ಇಷ್ಟೇ.

ಕಲಿಯುವವರಿಗೆ, ಕಲಿಸುವವರಿಗೆ

ನಮ್ಮಲ್ಲಿ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಬೆಂಗಳೂರಿನಲ್ಲಿ 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು, ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆಯಂಥ ಸಂಸ್ಥೆಗಳು ತಲೆಮಾರುಗಳ ಕಲಾವಿದರನ್ನು ತಯಾರು ಮಾಡಿವೆ. ಇಂದು ಆನಿಮೇಷನ್, ಗೇಮ್ ವಿನ್ಯಾಸ, ವೈದ್ಯಕೀಯ ಚಿತ್ರಣಗಳಿಗೂ ದೇಹ ಬಲ್ಲ ಕೈ ಬೇಕು. ಕಂಪ್ಯೂಟರಿನಲ್ಲಿ ಮೂಡಿದ ಆಕೃತಿಯ ಮೊಣಕೈ ತಪ್ಪು ಕಡೆ ಮಡಚಿದೆಯೆಂದು ಗುರುತಿಸಲು ಮೊಣಕೈ ಹೇಗೆ ಮಡಚುತ್ತದೆಂದು ಗೊತ್ತಿರಲೇಬೇಕು.

ಆಗಬೇಕಾದ ಕೆಲಸಗಳೂ ಇವೆ. ಮೈಸೂರಿನಲ್ಲಿ ಕಲಾ ಅಕಾಡೆಮಿಯೂ ಇದೆ, ವೈದ್ಯಕೀಯ ಕಾಲೇಜೂ ಇದೆ. ಬೆಂಗಳೂರಿನಲ್ಲೂ ಹಾಗೆಯೇ. ಕಲಾ ವಿದ್ಯಾರ್ಥಿಗಳು ವರ್ಷಕ್ಕೆ ಕೆಲವು ದಿನವಾದರೂ ಅನಾಟಮಿ ವಿಭಾಗದಲ್ಲಿ ಕೂತು ಮೂಳೆಗಳನ್ನು ಕೈಯಲ್ಲಿ ಹಿಡಿದು ಬರೆಯುವ ವ್ಯವಸ್ಥೆ ಎಲ್ಲೆಡೆ ಆಗಬೇಕು. ಮಾಡೆಲ್‌ಗಳ ದಿನಗೂಲಿ ಅವರ ಶ್ರಮಕ್ಕೆ ತಕ್ಕಂತಿರಬೇಕು, ಅದು ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಪ್ರದರ್ಶನಗಳಲ್ಲಿ ಅವರು ಒಪ್ಪಿದರೆ ಅವರ ಹೆಸರನ್ನೂ ಕಾಣಿಸಬೇಕು.

ಕಲಾಶಾಲೆ ಸೇರಲಾಗದವರೂ ಇವತ್ತೇ ಶುರು ಮಾಡಬಹುದು. ಒಂದು ಅಗ್ಗದ ನೋಟ್‌ಬುಕ್, ಒಂದು ಪೆನ್ಸಿಲ್ ಸಾಕು. ಎಡಗೈಯನ್ನು ಎದುರಿಗಿಟ್ಟುಕೊಂಡು ಬಲಗೈಯಲ್ಲಿ ಬರೆಯಿರಿ. ಮನೆಯಲ್ಲಿ ಪೇಪರ್ ಓದುತ್ತ ಕೂತವರನ್ನು, ಬಸ್ ನಿಲ್ದಾಣದಲ್ಲಿ ಕಾಯುತ್ತ ನಿಂತವರನ್ನು ಎರಡೆರಡು ನಿಮಿಷದಲ್ಲಿ ಬರೆಯಿರಿ. ನೋಡಿ ಬರೆದ ಮನುಷ್ಯರನ್ನು ಕಡೆಗಣಿಸುವುದು ಕಷ್ಟ. ಈ ವಿದ್ಯೆ ಕಲಾವಿದರಿಗೆ ಮಾತ್ರ ಬಂದರೆ ಸಾಲದು, ಎಲ್ಲರಿಗೂ ಸ್ವಲ್ಪ ಸ್ವಲ್ಪ ಬರಬೇಕು.