ಚೀಟಿ ಎತ್ತಿದ ಹಾಗೆ

ಮೆಡಿಕಲ್ ಕಾಲೇಜಿನ ಸಂಶೋಧನೆಗೂ ಒಂದು ಸುಗ್ಗಿಯಿದೆ. ಎಂಡಿ, ಎಂಎಸ್ ಸೇರಿದವರು ಪ್ರಬಂಧದ ಸಿನಾಪ್ಸಿಸ್ ಕೊಡುವ ಕಾಲವದು. ಗಡುವು ಹತ್ತಿರ ಬಂತೆಂದರೆ ಗೈಡ್ ಕೋಣೆಯ ಮುಂದೊಂದು ಸಾಲು, ಕಮ್ಯುನಿಟಿ ಮೆಡಿಸಿನ್ ವಿಭಾಗದ ಸ್ಟ್ಯಾಟಿಸ್ಟಿಕ್ಸ್ ಮೇಷ್ಟರ ಮುಂದೆ ಇನ್ನೊಂದು. 'ಸರ್, ಸ್ಯಾಂಪಲ್ ಸೈಜ್ ಎಷ್ಟಿರಲಿ?' ಏನು ತಿಳಿಯಬೇಕಾಗಿದೆ ಎಂಬುದೇ ಇತ್ಯರ್ಥವಾಗದೆ ಎಷ್ಟು ಜನ ಬೇಕೆಂದು ಮೇಷ್ಟರಾದರೂ ಹೇಗೆ ಹೇಳಿಯಾರು?

ಈ ಸಾಲುಗಳಲ್ಲಿ ನಿಂತವರ ಸಿನಾಪ್ಸಿಸ್‌ಗಳೆಲ್ಲ ಹಾದು ಹೋಗುವುದು ಎಥಿಕ್ಸ್ ಕಮಿಟಿಯ ಮೇಜಿನ ಮೇಲಿಂದ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ಅಲ್ಲಿ 7ರಿಂದ 15 ಜನ ಇರಬೇಕು. ಅರ್ಧದಷ್ಟಾದರೂ ಹೊರಗಿನವರು, ಅಧ್ಯಕ್ಷರೂ ಹೊರಗಿನವರೇ. ವೈದ್ಯರು, ವಕೀಲರ ನಡುವೆ ವೈದ್ಯಶಾಸ್ತ್ರ ಓದದ ಜನಸಾಮಾನ್ಯರೊಬ್ಬರು. ಬಿಸ್ಕತ್ತು ತಿಂದು ಸಹಿ ಹಾಕಿ ಎದ್ದುಬಿಡಬಹುದಾದ ಸ್ಥಾನವೂ ಅದೇ, ಕಮಿಟಿಯಲ್ಲಿ ಅತಿ ಮುಖ್ಯವಾದದ್ದೂ ಅದೇ.

ಅಧ್ಯಯನಕ್ಕೆ ಸೇರುವವರು ಸಹಿ ಹಾಕಬೇಕಾದ ಕನ್ನಡದ ಒಪ್ಪಿಗೆ ಪತ್ರವೊಂದು ಹೀಗಿದೆ ಎಂದುಕೊಳ್ಳಿ: 'ನಿಮ್ಮನ್ನು ಯಾದೃಚ್ಛಿಕವಾಗಿ ಒಂದು ಗುಂಪಿಗೆ ನಿಯೋಜಿಸಲಾಗುವುದು.' ಕಮಿಟಿಯ ಆ ಜನಸಾಮಾನ್ಯರು ನಿವೃತ್ತ ಶಾಲಾ ಮೇಷ್ಟರಾಗಿದ್ದರೆ, ಪತ್ರ ಬರೆದ ವಿದ್ಯಾರ್ಥಿನಿಯೊಡನೆ ಮಾತು ಹೀಗೆ ಸಾಗೀತು:

'ಯಾದೃಚ್ಛಿಕ ಅಂದ್ರೇನಮ್ಮಾ?'

'ರ‍್ಯಾಂಡಮ್, ಸರ್.'

'ಅದೇ, ಹಾಗಂದ್ರೆ?'

'ಚೀಟಿ ಎತ್ತಿದ ಹಾಗೆ ಸರ್. ಯಾರಿಗೆ ಯಾವ ಔಷಧ ಅಂತ ನಾವು ಆರಿಸಲ್ಲ.'

'ಹಾಗಂತಲೇ ಬರಿ ಮತ್ತೆ.'

'5 ಮಿ.ಲೀ. ಸಿರೆಯ ರಕ್ತ' ಎಂದಿದ್ದದ್ದು 'ಒಂದು ಟೀ ಚಮಚದಷ್ಟು ರಕ್ತ' ಆಗುತ್ತದೆ. ಪರೀಕ್ಷೆಗೆಂದೇ ಇನ್ನೊಮ್ಮೆ ಬರುವವರಿಗೆ ಬಸ್ ಚಾರ್ಜ್ ಯಾರು ಕೊಡುತ್ತಾರೆ? ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಪಕ್ಕದಲ್ಲಿ ಇರಲೇಬೇಕಾದ, ಅಧ್ಯಯನಕ್ಕೆ ಸಂಬಂಧಪಡದ ಸಾಕ್ಷಿ ಯಾರು? ಇಂಥದ್ದನ್ನು ಕೇಳಲು ಡಾಕ್ಟರೇ ಆಗಬೇಕಿಲ್ಲ. ಎಷ್ಟೋ ಸಲ ಡಾಕ್ಟರಿಗೆ ಇವು ಹೊಳೆಯುವುದೂ ಇಲ್ಲ.

ಸಂಶೋಧನೆಗೆ ಬೇಕಾದ ಉಳಿದ ಏರ್ಪಾಟುಗಳಿಗೆ ಕೊರತೆಯಿಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳು ಎರಡು ತಿಂಗಳು ಸಂಶೋಧನೆ ಮಾಡಲೆಂದು ಐಸಿಎಂಆರ್ 1979ರಲ್ಲೇ ಎಸ್‌ಟಿಎಸ್ ಎಂಬ ಯೋಜನೆ ಶುರುಮಾಡಿತು. 2007ರಲ್ಲಿ ಬಂದ ಸಿಟಿಆರ್‌ಐ ಜಾಲತಾಣದಲ್ಲಿ ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿಯನ್ನು ಯಾರು ಬೇಕಾದರೂ ನೋಡಬಹುದು. ಯಂತ್ರವನ್ನು ದುಡ್ಡು ಕೊಟ್ಟು ತರಬಹುದು, ಮೇಷ್ಟರನ್ನು ನೇಮಿಸಿಕೊಳ್ಳಬಹುದು. ಕಮಿಟಿಯಲ್ಲಿ ಜನಸಾಮಾನ್ಯರ ಆ ಒಂದು ಕುರ್ಚಿಗೆ ಮಾತ್ರ ಊರಿನವರೇ ಬರಬೇಕು.

ನಿಮ್ಮ ಊರಿನ ಕಾಲೇಜಿನಿಂದ ಅಂಥ ಕರೆ ಬಂದರೆ 'ನನಗೇನು ಗೊತ್ತಾಗುತ್ತೆ' ಎಂದು ಹಿಂಜರಿಯಬೇಡಿ. ಹೋಗಿ ಕೂತು, ಕನ್ನಡದ ಒಪ್ಪಿಗೆ ಪತ್ರವನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸಿದ ಕಡೆ ನಿಲ್ಲಿಸಿ, ಹಾಗಂದರೇನು ಎಂದು ಕೇಳಿ.