ಹುಟ್ಟಿನಿಂದಲೇ ಇರುವ ಮೂರು ಮೆತ್ತೆಗಳು

ಮೂಲವ್ಯಾಧಿ ಎಂದರೆ ಹೊಸದಾಗಿ ಬೆಳೆದ ಗಂಟು ಎಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳ, ಸ್ನಾಯುವಿನ ಎಳೆ ಸೇರಿದ ಮೆತ್ತೆಗಳು ಎಲ್ಲರಿಗೂ ಹುಟ್ಟಿನಿಂದಲೇ ಇರುತ್ತವೆ. ಸಾಮಾನ್ಯವಾಗಿ ಮೂರು: ಎಡಕ್ಕೊಂದು, ಬಲಕ್ಕೆ ಮುಂದೊಂದು ಹಿಂದೊಂದು. ಬಿಗಿಸ್ನಾಯು ಎಷ್ಟೇ ಬಿಗಿದರೂ ಉಳಿಯುವ ಸಂದನ್ನು ನಲ್ಲಿಯ ವಾಷರಿನಂತೆ ತುಂಬುವುದು ಇವೇ. ದ್ವಾರವನ್ನು ಮುಚ್ಚಿಡುವ ಒತ್ತಡದಲ್ಲಿ ಸುಮಾರು ಶೇಕಡಾ 15ರಿಂದ 20 ಇವುಗಳ ಪಾಲು. ಈ ಮೆತ್ತೆಗಳು ಜಾಗಬಿಟ್ಟು ಜಾರುವುದೇ ಮೂಲವ್ಯಾಧಿ ಎಂದು 1975ರಲ್ಲಿ ಶಸ್ತ್ರವೈದ್ಯ ಥಾಮ್ಸನ್ ವಿವರಿಸಿದರು.

ಅವನ್ನು ಗೋಡೆಗೆ ಹಿಡಿದಿಟ್ಟ ನಾರುಗಳು ವಯಸ್ಸಾದಂತೆ ಸಡಿಲಾಗುತ್ತವೆ. ಅದನ್ನು ತಡೆಯಲಾಗದು. ಅದರ ಮೇಲೆ ಇನ್ನೇನೇನು ಹೊರೆ ಬೀಳುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ದೊಡ್ಡಮ್ಮನ ಮನೆಯಲ್ಲಿ. ಹಲ್ಲು ಹೋದ ಮೇಲೆ ಸೊಪ್ಪು, ಕಾಳು ಬಿಟ್ಟು ಹಾಲಲ್ಲಿ ನೆನೆಸಿದ ಬನ್ನು, ಮೆತ್ತಗಿನ ಅನ್ನ ತಿನ್ನುತ್ತಿದ್ದರು. ರಾತ್ರಿ ಎದ್ದೇಳಬೇಕಾಗುತ್ತದೆ ಎಂದು ಸಂಜೆಯ ಮೇಲೆ ನೀರು ಮುಟ್ಟುತ್ತಿರಲಿಲ್ಲ. ಮಾತ್ರೆ ಡಬ್ಬಿಯಲ್ಲಿ ರಕ್ತಹೀನತೆಗೆ ಕಬ್ಬಿಣಾಂಶದ್ದು, ಮಂಡಿನೋವಿಗೆ ಟ್ರಮಡಾಲ್. ಎರಡೂ ಮಲಬದ್ಧತೆ ತರುವಂಥವು. ನೋವಿನಿಂದ ನಡಿಗೆಯೂ ನಿಂತಿತ್ತು. ಕಮೋಡಿನ ಮೇಲೆ ದಿನಾ ಅರ್ಧ ಗಂಟೆ ತಿಣುಕಾಟ.

ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ, ರಕ್ತ ಹಿಂದಿರುಗಲಾಗದೆ ಮೆತ್ತೆಗಳು ಊದಿಕೊಳ್ಳುತ್ತವೆ. ಗಟ್ಟಿಯಾದ ಮಲ ಅವನ್ನೇ ಕೆಳಕ್ಕೆ ಉಜ್ಜಿಕೊಂಡು ಬರುತ್ತದೆ. ಹಳೆಯ ಕೆಮ್ಮು, ಗಂಡಸರಲ್ಲಿ ಪ್ರಾಸ್ಟೇಟ್ ಊದಿ ಮೂತ್ರಕ್ಕೂ ತಿಣುಕುವುದು, ಇವೂ ಅದೇ ಒತ್ತಡ ಹಾಕುತ್ತವೆ. ಕಾಲಡಿಗೆ ಗಿಡ್ಡ ಮಣೆ ಇಟ್ಟು ಮಂಡಿ ಸೊಂಟಕ್ಕಿಂತ ಮೇಲೆ ಬಂದರೆ ಗುದನಾಳದ ಬಾಗು ಸ್ವಲ್ಪ ನೇರವಾಗಿ ತಿಣುಕುವುದು ಕಡಿಮೆಯಾಗುತ್ತದೆ. ನಾವು ದೊಡ್ಡಮ್ಮನಿಗೆ ಇಟ್ಟುಕೊಟ್ಟದ್ದು ಅಡುಗೆಮನೆಯ ಮಣೆಯನ್ನೇ.

ನನಗೆ ಈಗಲೂ ಸಂಕಟವಾಗುವುದು ಇನ್ನೊಂದಕ್ಕೆ. ರಕ್ತದಿಂದ ಕೆಂಪಾದ ಸೀರೆಯನ್ನು ಅವರು ತಾವೇ ಒಗೆದು, ತಿಂಗಳುಗಟ್ಟಲೆ ಯಾರಿಗೂ ಹೇಳಿರಲಿಲ್ಲ. "ಇದನ್ನೆಲ್ಲ ಯಾರ ಹತ್ರ ಹೇಳ್ಕೊಳ್ಳೋದು ಮಗಾ" ಎಂದರು. ಕೆಲವರು ಹೃದಯಕ್ಕೆಂದು ನುಂಗುವ ಆಸ್ಪಿರಿನ್ ಇಂಥ ರಕ್ತಸ್ರಾವವನ್ನು ಹೆಚ್ಚಿಸಬಲ್ಲದು. ಹಾಗೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಲೂಬಾರದು. ಮೂಲವ್ಯಾಧಿಯ ರಕ್ತ ಅಚ್ಚಗೆಂಪು, ನೋವಿಲ್ಲದೆ ಹನಿಯುವುದೇ ಹೆಚ್ಚು. ದೊಡ್ಡ ಕರುಳಿನ ಕ್ಯಾನ್ಸರ್ ಕೂಡ ಹೀಗೇ ಕಾಣಿಸಿಕೊಳ್ಳಬಹುದು, ಮೂಲವ್ಯಾಧಿ ಇದ್ದವರಲ್ಲೂ ಇರಬಹುದು. ದೊಡ್ಡಮ್ಮನ ವೈದ್ಯರು ಮೊದಲು ಕೊಲೊನೊಸ್ಕೊಪಿ ಮಾಡಿಸಿ, ಕರುಳು ಸರಿಯಿದೆಯೆಂದು ಕಂಡ ಮೇಲೆಯೇ ಮಾತ್ರೆಗಳ ಡಬ್ಬಿ ತೆರೆಸಿದರು.