ಬಸ್ಯಾ ಅನ್ನಿ, ಸ್ಪೆಲಿಂಗ್ ಮಾತ್ರ ಕೇಳಿ ಬರೆಯಿರಿ

ನನ್ನ ಹೆಸರು ಬಸವರಾಜ. ಉತ್ತರ ಕರ್ನಾಟಕದ ಯಾವುದೇ ಕಾಲೇಜಿನ ಕಾರಿಡಾರಿನಲ್ಲಿ ನಿಂತು ಈ ಹೆಸರು ಕೂಗಿ ನೋಡಿ, ಇಬ್ಬರಾದರೂ ತಿರುಗುತ್ತಾರೆ. ನಮ್ಮ ಡಿಗ್ರಿ ಕ್ಲಾಸಿನಲ್ಲಿ ಮೂವರಿದ್ದೆವು. ಹಾಜರಿ ಕರೆಯುವಾಗ ಮೇಷ್ಟ್ರು ಅಡ್ಡಹೆಸರನ್ನೂ ಸೇರಿಸುತ್ತಿದ್ದರು. ಗೆಳೆಯರಿಗೆ ಅಷ್ಟು ಪುರಸೊತ್ತೆಲ್ಲಿ? ಉದ್ದ ಬಸ್ಯಾ, ಚಷ್ಮಾ ಬಸ್ಯಾ, ಬರೀ ಬಸ್ಯಾ ಎಂದು ಹಂಚಿಬಿಟ್ಟಿದ್ದರು. ನಾನು ಬರೀ ಬಸ್ಯಾ.

ಅವ್ವನಿಗೆ ನಾನು ಬಸು. ಸಿಟ್ಟು ಬಂದರೆ ಮಾತ್ರ ಪೂರ್ತಿ ‘ಬಸವರಾಜಾ...’. ಆ ದೀರ್ಘ ಎಷ್ಟಿದೆ ಎನ್ನುವುದರ ಮೇಲೆ ಅವತ್ತಿನ ಬೈಗುಳದ ಪ್ರಮಾಣ ಗೊತ್ತಾಗುತ್ತದೆ. ತಾತನ ಹೆಸರು ಬಸಪ್ಪ. ಅದನ್ನೇ ನನಗೆ ಸ್ವಲ್ಪ ತಿದ್ದಿ ಇಟ್ಟರು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಅಜ್ಜಿ ಕೊನೆಯವರೆಗೂ ನನ್ನನ್ನು ‘ರಾಜಾ’ ಎಂದೇ ಕರೆದಳು. ಹಾಗಾಗಿ ಯಾರು ಏನೆಂದು ಕೂಗಿದರು ಎನ್ನುವುದರಲ್ಲೇ ಅವರು ನನಗೆ ಏನಾಗಬೇಕು ಎಂಬುದು ತಿಳಿದುಬಿಡುತ್ತದೆ.

ಬೆಂಗಳೂರಿಗೆ ಕೆಲಸ ಹುಡುಕಲು ಬಂದ ಮೇಲೆ ಹೆಸರಿಗೆ ಹೊಸ ಪರೀಕ್ಷೆಗಳು ಶುರುವಾದವು. ಪೀಜಿಯ ಹಿಂದಿ ಗೆಳೆಯನಿಗೆ ನಾನು ‘ಬಸ್’, ಅಂದರೆ ‘ಸಾಕು’. ನಿಧಾನವಾಗಿ ನಡೆದರೆ ಬಸವನಹುಳು. ‘ರೆಸ್ಯೂಮೆಯಲ್ಲಿ ರಾಜ್ ಅಂತ ಹಾಕೋ, ಸ್ಟೈಲಿಶ್ ಆಗಿರುತ್ತೆ, ಇದು ಹಳೇ ಕಾಲದ ಹೆಸರು’ ಎಂದು ಸಲಹೆ ಕೊಟ್ಟವನೊಬ್ಬ ಇರುವುದು ಬಸವನಗುಡಿಯಲ್ಲಿ! ಬಸವ ಎಂಬುದು ವೃಷಭದ ತದ್ಭವ. 12ನೇ ಶತಮಾನದ ಬಸವಣ್ಣನವರ ಹೆಸರದು. ಹಿಂದೂಸ್ತಾನಿ ಗಾಯಕ ಬಸವರಾಜ ರಾಜಗುರು ಅವರನ್ನು ಸ್ಟೈಲಿಶ್ ಅಲ್ಲ ಎಂದು ಯಾರಾದರೂ ಅಂದಾರೆಯೇ? ಬಸವ ನನ್ನ ಹೆಸರಿನಲ್ಲಿ ಇರಬಹುದು, ಹಾಗಂತ ಎಲ್ಲ ಸಲಹೆಗೂ ಕೋಲೆಬಸವನಂತೆ ತಲೆಯಾಡಿಸಲಾರೆ.

ಅಡ್ಡಹೆಸರು ಎಷ್ಟಾದರೂ ಇರಲಿ, ತೊಂದರೆ ಇಂಗ್ಲಿಷ್ ಸ್ಪೆಲಿಂಗಿನದು. ಕನ್ನಡದಲ್ಲಿ ಐದೇ ಅಕ್ಷರ, ಒಂದೇ ರೀತಿ. ಇಂಗ್ಲಿಷಿಗೆ ಹೋದರೆ ‘ವ’ಕ್ಕೆ ಕೆಲವರು ವಿ ಬರೆಯುತ್ತಾರೆ, ಬೀದರ್, ಕಲಬುರಗಿ ಕಡೆ ಡಬ್ಲ್ಯು ಕೂಡ ಕಾಣುತ್ತದೆ. ‘ಸ’ದ ಮುಂದೆ ಎ ಹಾಕುವವರುಂಟು, ಬಿಡುವವರುಂಟು. ಕೊನೆಯಲ್ಲಿ ಎ ಬರೆದರೆ ಬಸವರಾಜ, ಬಿಟ್ಟರೆ ಬಸವರಾಜ್. ಎರಡೆರಡ್ಲಿ ನಾಲ್ಕು, ನಾಲ್ಕೆರಡ್ಲಿ ಎಂಟು. ಹಳೇ ಮೈಸೂರು ಕಡೆಯ ಬಸವರಾಜು ಸೇರಿದರೆ ಲೆಕ್ಕ ಇನ್ನೂ ಬೆಳೆಯುತ್ತದೆ.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಕೊನೆಯ ಎ ಇದೆ, ಆಧಾರ್‌ನಲ್ಲಿ ಇರಲಿಲ್ಲ. ಒಂದು ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ‘ಇವರಿಬ್ಬರೂ ಒಬ್ಬರೇ ಅನ್ನೋದಕ್ಕೆ ಪುರಾವೆ?’ ಎಂದು ಕೇಳಿದರು. ಲಿಖಿತ ಪರೀಕ್ಷೆ ಪಾಸಾಗಿ, ಮೆರಿಟ್ ಪಟ್ಟಿಯಲ್ಲಿ ಹೆಸರು ಬಂದು, ಆ ಹೆಸರೇ ನನ್ನದಲ್ಲ ಎಂಬ ಸ್ಥಿತಿ! ಎರಡೂ ಹೆಸರು ಒಬ್ಬನದೇ ಎಂದು ನೋಟರಿ ಮುಂದೆ ಅಫಿಡವಿಟ್ ಮಾಡಿಸಿ, ಕೊಟ್ಟ ಗಡುವಿನೊಳಗೆ ಒಪ್ಪಿಸಿದೆ. ಆ ಎರಡು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪ ಫೋನಿನಲ್ಲಿ, ‘ಇನ್ನೊಂದು ಎ ಹಾಕಿಸೋಕೆ ಎಷ್ಟು ಕೇಳ್ತಾರಂತೆ?’ ಎಂದು ಗಾಬರಿಯಿಂದ ಕೇಳಿದ್ದ.

ಅದಕ್ಕೇ ಗೆಳೆಯರೇ, ಅರ್ಜಿ ಹಾಕುವ ಮುಂಚೆಯೇ ಒಂದು ಸಂಜೆ ಎಲ್ಲ ದಾಖಲೆಗಳನ್ನೂ ಚಾಪೆಯ ಮೇಲೆ ಹರಡಿಕೊಂಡು ಕೂರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಮೊದಲಿಡಿ. ಆಧಾರ್, ಪಾನ್, ಬ್ಯಾಂಕ್ ಪಾಸ್‌ಬುಕ್, ಜಾತಿ ಪ್ರಮಾಣಪತ್ರ ಎಲ್ಲವನ್ನೂ ಅಕ್ಷರ ಅಕ್ಷರವಾಗಿ ಅದರೊಂದಿಗೆ ತಾಳೆ ನೋಡಿ. ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಅದನ್ನೂ ನೋಡಿ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಸಲ ಅವಕಾಶ. ಅವಸರದಲ್ಲಿ ಒಂದನ್ನು ಕಳೆದುಕೊಳ್ಳಬೇಡಿ. ಮಂಜುನಾಥ, ವಿಶ್ವನಾಥ, ಹನುಮಂತರಾಯರೇ, ಈ ಮಾತು ನಿಮಗೂ ಸೇರಿ.

ನಾಳೆ ನನ್ನ ಮಗನಿಗೆ ಇಂಗ್ಲಿಷಿನಲ್ಲಿ ಬರೆಯಲು ಸುಲಭವಾದ ಎರಡಕ್ಷರದ ಹೆಸರಿಡು ಎಂದು ಈಗಲೇ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಪೆಲಿಂಗ್ ತಿದ್ದಲು ಒಂದು ಅರ್ಜಿ ಸಾಕು. ಅಜ್ಜಿ ಕರೆದ ‘ರಾಜಾ’ ಇದ್ದದ್ದು ಈ ಹಳೇ ಹೆಸರಿನೊಳಗೇ. ಅದನ್ನು ಯಾವ ಅರ್ಜಿ ತುಂಬಿ ತರಲಿ?